ಚಳಿಗೆ ಕಟ್ಟಿಕೊಂಡ ಬಿಲ್ಜ್ ಪಂಪ್: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಅಮೆರಿಕದ ಮಿಶಿಗನ್ ರಾಜ್ಯದ ಸೇಂಟ್ ಕ್ಲೇರ್ ಸರೋವರಕ್ಕೆ ಆಳ ಕಡಿಮೆ. ಸರಾಸರಿ ಮೂರೂವರೆ ಮೀಟರೂ ಇಲ್ಲ. ಅದಕ್ಕೇ ಅಲ್ಲಿನ ನೀರು ಬೇಗ ತಣ್ಣಗಾಗುತ್ತದೆ, ಬೇಗ ಹೆಪ್ಪುಗಟ್ಟುತ್ತದೆ. ಆ ಕಡೆ 16ರಿಂದ 20 ಅಡಿಯ ಮೋಟಾರ್ ದೋಣಿ ಇಟ್ಟುಕೊಂಡವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಮಲ್ಪೆಯಲ್ಲೋ ಕಾರವಾರದಲ್ಲೋ ದೋಣಿ ನೋಡಿ ಬೆಳೆದವರಿಗೆ ಪಂಪ್ ಕೆಡುವುದು ಅಂದರೆ ಉಪ್ಪು, ಕೆಸರು, ಬಲೆಯ ನೂಲು. ಚಳಿಗೂ ಪಂಪ್ ಕೆಡುತ್ತದೆ ಎಂಬುದು ಮೊದಲ ವರ್ಷ ತಲೆಗೇ ಹೊಳೆಯುವುದಿಲ್ಲ.

ದೋಣಿಯ ತಳದಲ್ಲಿ ನೀರು ಬಂದು ಸೇರುವ ತಗ್ಗು ಜಾಗವೇ ಬಿಲ್ಜ್. ಮಳೆ ನೀರು, ಅಲೆಯ ನೀರು, ಕರಗಿದ ಹಿಮ ಎಲ್ಲವೂ ಅಲ್ಲಿಗೇ ಇಳಿಯುತ್ತವೆ. ಅದನ್ನು ಹೊರಗೆ ಹಾಕುವ 12 ವೋಲ್ಟಿನ ಸಣ್ಣ ಮೋಟಾರೇ ಬಿಲ್ಜ್ ಪಂಪ್. ಅಡಿಯಲ್ಲಿ ಜಾಲರಿ, ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಪಕ್ಕದಲ್ಲಿ ಹೋಸ್ ಪೈಪ್. ನೀರು ಏರಿದಾಗ ತಾನಾಗಿ ಶುರುವಾಗಲಿ ಎಂದು ಒಂದು ಫ್ಲೋಟ್ ಸ್ವಿಚ್ ಇರುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಪಂಪ್ ಬಿಲ್ಜನ್ನು ಪೂರ್ತಿ ಒಣಗಿಸುವುದಿಲ್ಲ. ಸಾಮಾನ್ಯ ಫ್ಲೋಟ್ ಸ್ವಿಚ್ ನೀರು ಸುಮಾರು 5 ಸೆಂ.ಮೀ. ಏರಿದಾಗ ಪಂಪನ್ನು ಶುರು ಮಾಡುತ್ತದೆ, 2 ಸೆಂ.ಮೀ. ಆಸುಪಾಸಿಗೆ ಇಳಿದಾಗ ನಿಲ್ಲಿಸುತ್ತದೆ. ಇಂಪೆಲ್ಲರ್ ಇರುವುದೇ ಆ ಕೊನೆಯ 2 ಸೆಂ.ಮೀ. ನೀರಿನಲ್ಲಿ. ಸಾಲದ್ದಕ್ಕೆ, ಪಂಪ್ ನಿಂತ ಕೂಡಲೇ ಹೋಸಿನಲ್ಲಿದ್ದ ನೀರೂ ವಾಪಸ್ ಇಳಿಯುತ್ತದೆ. ಒಂದೂಕಾಲು ಇಂಚಿಗೆ ಸ್ವಲ್ಪ ಕಡಿಮೆ ಇರುವ ಹೋಸ್ ಎರಡು ಮೀಟರ್ ಉದ್ದ ಇದ್ದರೆ ಒಂದು ಲೀಟರಿಗಿಂತ ಜಾಸ್ತಿ ನೀರು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಚಳಿಗಾಲದ ಬಿಲ್ಜ್ ಪಂಪ್ ತೊಂದರೆಗಳಲ್ಲಿ ಬಹುಪಾಲು ಈ ಉಳಿಕೆ ನೀರಿನಿಂದಲೇ. ಹಾಗಾಗಿ ಪಂಪನ್ನು ಬೆಚ್ಚಗಿಡಲು ಹೆಣಗುವುದಕ್ಕಿಂತ ಒಣಗಿಸಿಡುವುದು ಸುಲಭ, ಅಗ್ಗ ಕೂಡ.

ಕೆಳಗೆ ಬರೆದ ಉಷ್ಣಾಂಶವೆಲ್ಲ ಸೆಲ್ಸಿಯಸ್ ಲೆಕ್ಕ. ಕಡುಚಳಿಗಿಂತ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ಆಮೇಲೆ ಮಾರ್ಚ್-ಏಪ್ರಿಲ್‌ನಲ್ಲಿ ಜಾಸ್ತಿ ಎಚ್ಚರ ಬೇಕು. ಆಗ ಹಗಲು ಕರಗುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಜನವರಿಯಲ್ಲಿ ಎಲ್ಲವೂ ಗಟ್ಟಿಯಾಗಿ ಕೂತಿರುತ್ತದೆ, ಹೊಸ ನೀರು ಬರುವುದಿಲ್ಲ.

ಕೈ ಹಾಕುವ ಮುಂಚೆ

ಪೆಟ್ರೋಲ್ ಎಂಜಿನ್ ಇರುವ ದೋಣಿಯಾದರೆ ಮೊದಲು ಮೂಸಿ ನೋಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಂದು ಕೂರುವುದು ಬಿಲ್ಜಿನಲ್ಲೇ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮುಚ್ಚಳ ತೆರೆದು ಗಾಳಿಯಾಡಲು ಬಿಡಿ, ದೋಣಿಯಿಂದ ಇಳಿಯಿರಿ, ಸೋರಿಕೆ ಎಲ್ಲಿ ಎಂದು ಗೊತ್ತಾಗುವವರೆಗೆ ಪಂಪಿನ ವಿಚಾರ ಬಿಡಿ.

ಎರಡನೆಯದು, ಪಂಪಿನ ಫ್ಯೂಸ್ ತೆಗೆದಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ತುಂಬಾ ದೋಣಿಗಳಲ್ಲಿ ಫ್ಲೋಟ್ ಸ್ವಿಚ್ಚಿಗೆ ಬ್ಯಾಟರಿಯಿಂದಲೇ ನೇರ ವೈರ್ ಬಂದಿರುತ್ತದೆ. ಮೇಲೆ ಸ್ವಿಚ್ ಆಫ್ ಇದ್ದರೂ ಕೆಳಗೆ ಪಂಪ್ ಜೀವಂತ. ಐಸ್ ಕರಗಿದ ಗಳಿಗೆಯಲ್ಲಿ ಇಂಪೆಲ್ಲರ್ ತಟ್ಟನೆ ತಿರುಗಿದರೆ ಬೆರಳಿಗೆ ಪೆಟ್ಟು ಗ್ಯಾರಂಟಿ.

ದೋಣಿ ನೀರಿನಲ್ಲಿದ್ದು, ದಡದ ಕರೆಂಟಿಗೆ ಕೇಬಲ್ ಹಾಕಿದ್ದರೆ ಅದನ್ನೂ ಕಳಚಿ. ಸಿಹಿನೀರಿನಲ್ಲಿ ಕರೆಂಟ್ ಸೋರಿದರೆ ಉಪ್ಪುನೀರಿಗಿಂತ ಅಪಾಯ ಹೆಚ್ಚು. ಡಾಕ್ (ದೋಣಿ ಕಟ್ಟುವ ಕಟ್ಟೆ) ಮೇಲೆ ಐಸ್ ಇರುವಾಗ ಒಬ್ಬರೇ ಹೋಗಬೇಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಅಷ್ಟು ತಣ್ಣನೆಯ ನೀರಿಗೆ ಬಿದ್ದವರಿಗೆ ಕೆಲವೇ ನಿಮಿಷಗಳಲ್ಲಿ ಕೈ ಬೆರಳು ಮಾತು ಕೇಳುವುದಿಲ್ಲ, ಏಣಿ ಹಿಡಿಯಲೂ ಆಗುವುದಿಲ್ಲ.

ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ಅಥವಾ ಫ್ಯೂಸ್ ಪದೇ ಪದೇ ಹೋಗುತ್ತದೆ

ಚಳಿಗಾಲದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಲಕ್ಷಣ ಇದು. ಸದ್ದು ಕೇಳಿದ ತಕ್ಷಣ ಆರಿಸಿ. ಇನ್ನೊಂದು ಸಲ ನೋಡೋಣ ಅಂತ ಮತ್ತೆ ಹಾಕಬೇಡಿ.

ಇಂಪೆಲ್ಲರ್ ಐಸಿನಲ್ಲಿ ಸಿಕ್ಕಿಕೊಂಡಿದೆ, ಮೋಟಾರ್ ತಿರುಗಲು ನೋಡುತ್ತಿದೆ. ತಿರುಗದೆ ನಿಂತ ಮೋಟಾರ್ ತಿರುಗುವ ಮೋಟಾರಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಫ್ಯೂಸ್ ಸರಿಯಾದ ಅಳತೆಯದಾಗಿದ್ದರೆ ಹೋಗುತ್ತದೆ, ಪಂಪ್ ಉಳಿಯುತ್ತದೆ. ಫ್ಯೂಸ್ ಹೋಗುತ್ತಿದೆ ಎಂದು ದೊಡ್ಡದು ಹಾಕುವವರಿದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಮಾಡಬೇಡಿ. ಫ್ಯೂಸಿನ ಬದಲು ಮೋಟಾರಿನ ಸುರುಳಿ ಸುಡುತ್ತದೆ, ಅಥವಾ ವೈರಿಗೆ ಬೆಂಕಿ ಹತ್ತುತ್ತದೆ. ಎಷ್ಟು ಆಂಪ್ ಫ್ಯೂಸ್ ಹಾಕಬೇಕು ಎಂಬುದು ಪಂಪಿನ ಮೈಮೇಲೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಟಾರ್ಚ್ ಹಿಡಿದು ಬಿಲ್ಜ್ ನೋಡಿ. ನೀರಿನ ಮೇಲ್ಮೈ ಮಂಕಾಗಿ, ಅಲುಗದೆ ಇದ್ದರೆ ಐಸ್. ಒಂದು ಮರದ ಕೋಲಿನಿಂದ ಮೆಲ್ಲಗೆ ತಟ್ಟಿ. ಮೇಲೆ ನೀರು ಕಂಡರೂ ಅಡಿಯಲ್ಲಿ ಐಸ್ ಇರಬಹುದು. ಹಗಲು ಕರಗಿದ ಹಿಮದ ನೀರು ಹಳೆಯ ಐಸಿನ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಒಡೆಯಲು ಹೋಗಬೇಡಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಜಾಲರಿಯ ಕೊಂಡಿ ಮೊದಲು ಮುರಿಯುತ್ತದೆ.

ಐಸ್ ಕರಗಿಸಲು ಉಗುರುಬೆಚ್ಚಗಿಂತ ಸ್ವಲ್ಪ ಬಿಸಿಯಾದ ನೀರು ಸಾಕು. ಸ್ನಾನದ ನೀರಿನಷ್ಟು ಬಿಸಿ, 40 ಡಿಗ್ರಿ ಸುಮಾರು. ಕುದಿಯುವ ನೀರು ಸುರಿದರೆ ತಣ್ಣಗಿರುವ ಪಂಪಿನ ಮೈ ಬಿರುಕು ಬಿಡುತ್ತದೆ. ಪಂಪಿನ ಸುತ್ತ ನಿಧಾನವಾಗಿ ಸುರಿಯಿರಿ, ಕಾಯಿರಿ, ಮಗ್ಗಿನಲ್ಲಿ ಮೊಗೆದು ಹೊರಹಾಕಿ, ಮತ್ತೆ ಸುರಿಯಿರಿ. ಸುರಿದ ನೀರನ್ನು ಅಲ್ಲೇ ಬಿಟ್ಟು ಮನೆಗೆ ಹೋದರೆ ನಾಳೆ ಬೆಳಿಗ್ಗೆಗೆ ಇನ್ನೂ ದೊಡ್ಡ ಗಡ್ಡೆ ಕಾದಿರುತ್ತದೆ. ದೋಣಿ ಟ್ರೇಲರ್ ಮೇಲಿದ್ದರೆ ಬೆಚ್ಚಗಿರುವ ಗ್ಯಾರೇಜಿನೊಳಗೆ ತಂದು ಒಂದು ರಾತ್ರಿ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಅದೇ ಗ್ಯಾರೇಜಿನಲ್ಲಿ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಉರಿಯುತ್ತಿದ್ದು, ದೋಣಿಯಲ್ಲಿ ಪೆಟ್ರೋಲ್ ಇದ್ದರೆ ಬೇಡ.

ಹೀಟ್ ಗನ್, ಗ್ಯಾಸ್ ಟಾರ್ಚ್, ರೂಮ್ ಹೀಟರ್ ಯಾವುದೂ ಬಿಲ್ಜಿನ ಹತ್ತಿರ ಬರಬಾರದು. ಕೆಲವರು ಉಪ್ಪು ಹಾಕುತ್ತಾರೆ. ರಸ್ತೆಗೆ ಸರಿ, ಅಲ್ಯೂಮಿನಿಯಂ ದೋಣಿಗೆ ಅದು ವಿಷ. ಕಾರಿನ ಗಾಜು ತೊಳೆಯುವ ನೀಲಿ ದ್ರವವೂ ಬೇಡ. ಅದರಲ್ಲಿ ಸಾಮಾನ್ಯವಾಗಿ ಮೆಥನಾಲ್ ಇರುತ್ತದೆ, ವಿಷ ಮಾತ್ರವಲ್ಲ, ಹೊತ್ತಿಕೊಳ್ಳುತ್ತದೆ ಕೂಡ.

ಪೂರ್ತಿ ಕರಗಿದ ಮೇಲೆ, ಫ್ಯೂಸ್ ಹೊರಗಿರುವಾಗಲೇ, ಪಂಪಿನ ಎರಡು ಬದಿಯ ಕೊಂಡಿ ಒತ್ತಿ ಜಾಲರಿಯಿಂದ ಮೇಲಕ್ಕೆ ಎತ್ತಿ. ಇಂಪೆಲ್ಲರನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಅಲ್ಲಲ್ಲಿ ಹಿಡಿದರೆ ಎಲೆ ಚೂರೋ ಮೀನಿನ ದಾರವೋ ಸಿಕ್ಕಿರುತ್ತದೆ. ರೆಕ್ಕೆ ಮುರಿದಿದ್ದರೆ, ಅಥವಾ ಶಾಫ್ಟ್ ಅಲ್ಲಾಡಿದರೆ ಆ ಪಂಪಿನ ಆಯಸ್ಸು ಮುಗಿಯಿತು. ಸರಿ ಇದ್ದರೆ ಒಂದು ಬಕೆಟ್ ನೀರಿನಲ್ಲಿ ಇಟ್ಟು, ಫ್ಯೂಸ್ ಹಾಕಿ, ಕೆಲವು ಸೆಕೆಂಡ್ ಓಡಿಸಿ. ಸುಟ್ಟ ವಾಸನೆ ಬಂದರೆ ರಿಪೇರಿ ಯೋಚನೆ ಬಿಡಿ. ಈ ಸಣ್ಣ ಪಂಪುಗಳ ಮೋಟಾರನ್ನು ಮುಚ್ಚಿ ಅಂಟಿಸಿರುತ್ತಾರೆ, ಬಿಚ್ಚಿದರೆ ಮತ್ತೆ ನೀರು ಹೋಗದಂತೆ ಮುಚ್ಚಲು ಬರುವುದಿಲ್ಲ. ಎಷ್ಟೋ ಪಂಪುಗಳಿಗೆ ಮೋಟಾರ್ ಭಾಗ ಮಾತ್ರ ಬೇರೆಯಾಗಿ ಸಿಗುತ್ತದೆ. ಅದು ಸಿಕ್ಕರೆ ಅಡಿಯ ಜಾಲರಿ, ಹೋಸ್ ಇದ್ದ ಹಾಗೇ ಇರಲಿ.

ಏನೂ ಸದ್ದಿಲ್ಲ

ಸದ್ದಿಲ್ಲ ಎಂದರೆ ಪಂಪ್ ಸತ್ತಿದೆ ಎಂದಲ್ಲ. ಕರೆಂಟ್ ಅಲ್ಲಿಗೆ ಬರುತ್ತಿಲ್ಲ ಎಂದೇ ಮೊದಲು ಅಂದುಕೊಳ್ಳಿ.

ಫ್ಯೂಸ್ ನೋಡಿ. ಹೋಗಿದ್ದರೆ ಹೊಸದು ಹಾಕುವ ಮುಂಚೆ, ಮೇಲೆ ಬರೆದ ಗುಂಯ್ ಸದ್ದಿನ ಭಾಗದಲ್ಲಿ ಹೇಳಿದಂತೆ, ಐಸ್ ಇದೆಯೇ ಎಂದು ಪರೀಕ್ಷಿಸಿ. ಐಸ್ ಇರುವಾಗ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.

ಫ್ಯೂಸ್ ಚೆನ್ನಾಗಿದ್ದರೆ ಬ್ಯಾಟರಿಯ ವೋಲ್ಟೇಜ್ ನೋಡಿ. ಕೆಲವು ಗಂಟೆ ಸುಮ್ಮನೆ ಇದ್ದ ಲೆಡ್-ಆಸಿಡ್ ಬ್ಯಾಟರಿ 12.6 ತೋರಿಸಿದರೆ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿಯ ಭಾಗಕ್ಕೆ ಹೋಗಿ, ಕೆಳಗೆ ಬರೆದಿದ್ದೇನೆ.

ಆಮೇಲೆ ಮಲ್ಟಿಮೀಟರಿನ ಕಡ್ಡಿಗಳನ್ನು ಪಂಪಿನ ಎರಡು ವೈರಿನ ಜಾಯಿಂಟಿಗೆ ಇಟ್ಟು ಸ್ವಿಚ್ ಹಾಕಿಸಿ. ಇದಕ್ಕೆ ಇನ್ನೊಬ್ಬರು ಬೇಕು. 12ರ ಹತ್ತಿರ ಬಂದರೂ ಪಂಪ್ ಮೌನವಾಗಿದ್ದರೆ ತಪ್ಪು ಪಂಪಿನದು. ಸೊನ್ನೆ ಬಂದರೆ ವೈರೋ ಸ್ವಿಚ್ಚೋ. ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 9 ಬಂದರೆ ಜಾಯಿಂಟ್ ಕೊಳೆತಿದೆ. ಬಿಲ್ಜಿನ ಜಾಯಿಂಟುಗಳು ಸದಾ ತೇವದಲ್ಲಿ ಇರುತ್ತವೆ, ಒಳಗೆ ಹಸಿರು ಪುಡಿ ಕಟ್ಟಿರುತ್ತದೆ. ಐಸ್ ಹಿಗ್ಗಿದಾಗ ವೈರನ್ನು ಎಳೆದು ಅರ್ಧ ಬಿಟ್ಟಿದ್ದ ಜಾಯಿಂಟನ್ನು ಪೂರ್ತಿ ಬಿಡಿಸುವುದೂ ಉಂಟು. ಕತ್ತರಿಸಿ, ಒಳಗೆ ಅಂಟು ಇರುವ, ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕನೆಕ್ಟರ್ ಹಾಕಿ ಹೊಸದಾಗಿ ಜೋಡಿಸಿ. ಬರೀ ಇನ್ಸುಲೇಶನ್ ಟೇಪ್ ಸುತ್ತಿದರೆ ಒಂದು ಸೀಸನ್ ಕೂಡ ಬಾಳುವುದಿಲ್ಲ. ಜಾಯಿಂಟನ್ನು ನೀರು ಮುಟ್ಟದ ಎತ್ತರಕ್ಕೆ ಕಟ್ಟಿ. ಹೀಟ್ ಶ್ರಿಂಕ್ ಕಾಯಿಸುವ ಕೆಲಸ ಮಾತ್ರ ಬಿಲ್ಜ್ ಗಾಳಿಯಾಡಿದ ಮೇಲೆ, ಪೆಟ್ರೋಲ್ ವಾಸನೆ ಇಲ್ಲ ಎಂದು ಖಾತ್ರಿಯಾದ ಮೇಲೆ.

ಪಂಪ್ ಓಡುತ್ತದೆ, ಹೊರಗೆ ನೀರು ಬೀಳುವುದಿಲ್ಲ

ಸದ್ದು ಚೆನ್ನಾಗಿದೆ, ಮಾಮೂಲಿಗಿಂತ ಸ್ವಲ್ಪ ಕೀರಲು. ದೋಣಿಯ ಪಕ್ಕದ ತೂತಿನಲ್ಲಿ ಒಂದು ಹನಿಯೂ ಇಲ್ಲ. ಬಿಲ್ಜಿನ ನೀರು ಒಳಗೇ ಸುತ್ತುತ್ತಿದೆ.

ಹೊರಬಾಯಿಯಿಂದ ಶುರು ಮಾಡಿ. ಅಲ್ಲಿ ಐಸ್ ಕಡ್ಡಿ ನೇತಾಡುತ್ತಿದ್ದರೆ ಕಾರಣ ಎದುರಿಗೇ ಇದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಹಿಡಿದರೆ ಬಿಡುತ್ತದೆ. ಕುಟ್ಟಬೇಡಿ. ಬಿಸಿಲಿಗೆ ವರ್ಷಗಟ್ಟಲೆ ಬೆಂದ ಬಿಳಿ ಪ್ಲಾಸ್ಟಿಕ್ ಹೊರಬಾಯಿ ಚಳಿಯಲ್ಲಿ ಪಟ್ ಅಂತ ಮುರಿಯುತ್ತದೆ, ಆಗ ದೋಣಿಯ ಬದಿಯಲ್ಲೇ ತೂತು.

ಅಲ್ಲಿ ಇಲ್ಲದಿದ್ದರೆ ಹೋಸಿನ ಉದ್ದಕ್ಕೂ ಕೈ ಆಡಿಸುತ್ತಾ ಹೋಗಿ. ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ನೀರು ನಿಂತು ಗಟ್ಟಿಯಾಗಿರುತ್ತದೆ. ಒತ್ತಿದರೆ ಆ ಜಾಗ ಬಗ್ಗುವುದಿಲ್ಲ. ಮಡಿಕೆ ಮಡಿಕೆಯಾಗಿರುವ ಅಗ್ಗದ ಹೋಸ್ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಇಳಿಜಾರು ಸರಿಯಾಗಿದ್ದರೂ ಪ್ರತಿ ಮಡಿಕೆಯಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಒಳಗೆ ನುಣುಪಾಗಿರುವ ಹೋಸ್ ಹಾಕಿ, ಪಂಪಿನಿಂದ ಹೊರಬಾಯಿಯವರೆಗೆ ಎಲ್ಲೂ ತಗ್ಗದಂತೆ ಏರಿಸಿಕೊಂಡು ಹೋದರೆ ನೀರೆಲ್ಲ ವಾಪಸ್ ಬಿಲ್ಜಿಗೆ ಇಳಿಯುತ್ತದೆ, ಹೋಸ್ ಖಾಲಿ ಉಳಿಯುತ್ತದೆ.

ಆ ವಾಪಸ್ ಬರುವ ನೀರು ಕಿರಿಕಿರಿ ಎಂದು ಕೆಲವರು ಹೋಸಿನ ನಡುವೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿಸಿರುತ್ತಾರೆ. ಬೇಸಿಗೆಯಲ್ಲೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ, ಕಸ ಸಿಕ್ಕಿ ಮುಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಂತೂ ಅದು ಒಂದು ಲೀಟರ್ ನೀರನ್ನು ಬೇಕೆಂದೇ ಹಿಡಿದಿಟ್ಟು ಐಸ್ ಮಾಡಿಕೊಡುತ್ತದೆ. ನಿಮ್ಮ ದೋಣಿಯಲ್ಲಿ ಇದ್ದರೆ ತೆಗೆಸುವುದೇ ಮೇಲು.

ಐಸ್ ಎಲ್ಲೂ ಇಲ್ಲವೇ? ಜಾಲರಿ ಬಿಚ್ಚಿ ನೋಡಿ, ಕೊಳೆತ ಎಲೆ ತುಂಬಿರಬಹುದು. ಅಕ್ಟೋಬರಿನಲ್ಲಿ ಮೇಪಲ್ ಎಲೆ ಬೀಳುವ ಕಡೆ ದೋಣಿ ನಿಲ್ಲಿಸಿದ್ದರೆ ಐಸಿಗಿಂತ ಮೊದಲು ಎಲೆಯನ್ನೇ ಅನುಮಾನಿಸಿ. ಅದೂ ಅಲ್ಲದಿದ್ದರೆ ಪಂಪಿನ ತಲೆಯಲ್ಲಿ ಗಾಳಿ ಸಿಕ್ಕಿರುತ್ತದೆ. ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದರೆ ಸಾಮಾನ್ಯವಾಗಿ ಬಿಡುತ್ತದೆ.

ನೀರು ಏರಿದರೂ ತಾನಾಗಿ ಶುರುವಾಗುವುದಿಲ್ಲ, ಅಥವಾ ಶುರುವಾದದ್ದು ನಿಲ್ಲುವುದಿಲ್ಲ

ಕೈಯಿಂದ ಸ್ವಿಚ್ ಹಾಕಿದರೆ ಪಂಪ್ ಓಡುತ್ತದೆ ಎಂದಾದರೆ ದೋಷ ಫ್ಲೋಟ್ ಸ್ವಿಚ್ಚಿನದು. ತೇಲುವ ತೋಳು ಕೆಳಗಿನ ಸ್ಥಿತಿಯಲ್ಲಿ ಐಸಿಗೆ ಅಂಟಿಕೊಂಡರೆ ಅದರ ಮೇಲೆ ಎಷ್ಟು ನೀರು ನಿಂತರೂ ಏಳುವುದಿಲ್ಲ. ಮೇಲಿನ ಸ್ಥಿತಿಯಲ್ಲಿ ಅಂಟಿಕೊಂಡರೆ ಬಿಲ್ಜ್ ಖಾಲಿಯಾದರೂ ಪಂಪ್ ಓಡುತ್ತಲೇ ಇರುತ್ತದೆ. ಮೊದಲನೆಯದು ದೋಣಿಯನ್ನು ಮುಳುಗಿಸಬಹುದು, ಎರಡನೆಯದು ಬ್ಯಾಟರಿಯನ್ನು ಖಾಲಿ ಮಾಡುತ್ತದೆ. 2 ಆಂಪ್ ಎಳೆಯುವ ಸಣ್ಣ ಪಂಪ್ ಒಂದು ಹಗಲು ರಾತ್ರಿ ಓಡಿದರೆ 48 ಆಂಪ್-ಅವರ್ ಹೋಯಿತು. ಅಷ್ಟರಲ್ಲಿ ಸಣ್ಣ ದೋಣಿಯ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಬೆಚ್ಚನೆಯ ನೀರು ಸುರಿದು ತೋಳನ್ನು ಬಿಡಿಸಿ, ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಫ್ಯೂಸ್ ಹಾಕಿ, ತೋಳು ಎತ್ತಿದಾಗ ಪಂಪ್ ಶುರುವಾಗಿ, ಬಿಟ್ಟಾಗ ನಿಲ್ಲಬೇಕು. ತೋಳಿನ ಬುಡದಲ್ಲಿ ಬಿರುಕು ಇದ್ದರೆ ಸ್ವಿಚ್ ಬದಲಿಸಿ. ಹಳೆಯ ಕೆಲವು ಫ್ಲೋಟ್ ಸ್ವಿಚ್ಚುಗಳ ಒಳಗೆ ಪಾದರಸ ಇರುತ್ತದೆ, ಅಂಥದ್ದು ಒಡೆದರೆ ಕಸದ ಡಬ್ಬಿಗೆ ಎಸೆಯದೆ ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ಕೆಲವು ಪಂಪುಗಳಲ್ಲಿ ಫ್ಲೋಟ್ ಇರುವುದಿಲ್ಲ. ಎರಡು-ಮೂರು ನಿಮಿಷಕ್ಕೊಮ್ಮೆ ತಾವೇ ಕ್ಷಣಕಾಲ ತಿರುಗಿ, ಇಂಪೆಲ್ಲರ್ ಮೇಲೆ ಭಾರ ಬಿದ್ದರೆ ನೀರಿದೆ ಎಂದು ತಿಳಿದು ಮುಂದುವರಿಸುತ್ತವೆ. ಐಸ್ ಕೂಡ ಭಾರವೇ ಅಲ್ವಾ? ಇಂಥ ಪಂಪ್ ಇದ್ದರೆ ದೋಣಿ ದಡ ಸೇರಿದ ದಿನವೇ ಅದರ ಫ್ಯೂಸ್ ತೆಗೆದುಬಿಡಿ.

ವಸಂತದಲ್ಲಿ ಎಲ್ಲಾ ಸರಿ ಇದ್ದಂತಿದೆ, ಆದರೆ ಬಿಲ್ಜ್ ಖಾಲಿಯಾಗುತ್ತಿಲ್ಲ

ಪಂಪ್ ಓಡುತ್ತದೆ, ಹೊರಗೆ ನೀರೂ ಬೀಳುತ್ತದೆ, ಆದರೆ ಧಾರೆ ಸಣ್ಣ. ಚಳಿಯಲ್ಲಿ ಬಿಟ್ಟ ಬಿರುಕು ಈಗ ಕಾಣುತ್ತಿದೆ ಎಂದರ್ಥ. ಹೋಸ್ ಪಂಪಿಗೆ ಸೇರುವ ಮೂತಿಯಲ್ಲೋ, ಹೋಸಿನ ಬದಿಯಲ್ಲೋ, ಹೊರಬಾಯಿಯ ಒಳ ತುದಿಯಲ್ಲೋ ನೀರು ಒಳಗೇ ಚಿಮ್ಮುತ್ತಿರುತ್ತದೆ. ಒಣ ಟಿಶ್ಯೂ ಕಾಗದ ಸುತ್ತಿ ಪಂಪ್ ಓಡಿಸಿ, ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ದೋಷ. ಮೂತಿ ಒಡೆದಿದ್ದರೆ ಅಂಟು ಹಚ್ಚಿ ಕಾಲ ತಳ್ಳಬೇಡಿ, ಆ ಭಾಗವನ್ನೇ ಬದಲಿಸಿ. ಹೊರಬಾಯಿ ಒಡೆದಿದ್ದರೆ ದೋಣಿಯನ್ನು ನೀರಿಗೇ ಇಳಿಸಬೇಡಿ.

ಪರೀಕ್ಷೆಯನ್ನು ಅಂಗಳದಲ್ಲೇ ಮಾಡಿ. ಡ್ರೇನ್ ಪ್ಲಗ್ (ದೋಣಿಯ ನೀರು ಬಸಿಯುವ ತೂತಿನ ಬಿರಡೆ) ಹಾಕಿ, ಬಿಲ್ಜಿಗೆ ಎರಡು ಬಕೆಟ್ ನೀರು ಸುರಿದು, ತಾನಾಗಿ ಶುರುವಾಗಿ ತಾನಾಗಿ ನಿಲ್ಲುವುದನ್ನು ಕಣ್ಣಾರೆ ನೋಡಿ. ನೀರಿಗೆ ಎಣ್ಣೆ ಬೆರೆತಿದ್ದರೆ ಸ್ಪಂಜಿನಲ್ಲಿ ಹೀರಿ ತೆಗೆಯಿರಿ. ಎಣ್ಣೆಯ ಬಣ್ಣದ ಪದರ ಕಾಣುವಂಥ ನೀರನ್ನು ಸರೋವರಕ್ಕೆ ಬಿಡುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ.

ಬ್ಯಾಟರಿ ಪದೇ ಪದೇ ಇಳಿಯುತ್ತದೆ, ಅಥವಾ ಉಬ್ಬಿದೆ

ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದು. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದದ್ದು ಮೈನಸ್ 7ರ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಮಿಶಿಗನ್ನಿನಲ್ಲಿ ಮೈನಸ್ 7 ಎಂದರೆ ಮಾಮೂಲಿ ರಾತ್ರಿ. ಅಂದರೆ ಅಂಟಿಕೊಂಡ ಒಂದು ಫ್ಲೋಟ್ ಸ್ವಿಚ್ ಬ್ಯಾಟರಿಯನ್ನು ಖಾಲಿ ಮಾಡುತ್ತದೆ, ಖಾಲಿ ಬ್ಯಾಟರಿ ಒಡೆಯುತ್ತದೆ.

ಬ್ಯಾಟರಿಯ ಮೈ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಚಾರ್ಜರ್ ಹಾಕಬೇಡಿ, ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಡಬೇಡಿ. ಸ್ಫೋಟ ಆಗಬಹುದು. ಇಲ್ಲಿ ನಿಮ್ಮ ಕೆಲಸ ಮುಗಿಯಿತು. ಬ್ಯಾಟರಿ ಅಂಗಡಿಯವರಿಗೆ ಫೋನ್ ಮಾಡಿ. ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರು ಇನ್ನೊಂದು ನೆನಪಿಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವ ಹಾಗಿಲ್ಲ.

ಡಾಕಿನಲ್ಲಿರುವ ದೋಣಿಯ ಹಿಂಭಾಗ ಕೆಳಗೆ ಕೂತಿದೆ

ಈ ಲಕ್ಷಣ ಕಂಡರೆ ಪಂಪ್ ಬಿಚ್ಚಲು ಕೂರಬೇಡಿ. ಬಹುಶಃ ಆಗಲೇ ತಡವಾಗಿದೆ.

10 ಸೆಂ.ಮೀ. ಹೊಸ ಹಿಮ ಬಿದ್ದರೆ ಚದರ ಮೀಟರಿಗೆ ಸುಮಾರು 10 ಕಿಲೊ ಭಾರ. ಒದ್ದೆ ಹಿಮವಾದರೆ ಅದರ ಎರಡು-ಮೂರು ಪಟ್ಟು. ಅದರ ಮೇಲೆ 25 ಮಿ.ಮೀ. ಮಳೆ ಬಂತೆನ್ನಿ, 10 ಚದರ ಮೀಟರ್ ತೆರೆದ ಜಾಗವಿರುವ ದೋಣಿಯೊಳಗೆ 250 ಲೀಟರ್ ನೀರು, ಅಂದರೆ 250 ಕಿಲೊ. ಡೆಕ್ಕಿನ ನೀರು ಹೊರಗೆ ಹೋಗುವ ತೂತುಗಳು ಐಸಿನಿಂದ ಮುಚ್ಚಿರುತ್ತವೆ. ಪಂಪ್ ಕಟ್ಟಿಕೊಂಡಿರುತ್ತದೆ. ಹಿಂಭಾಗ ತಗ್ಗುತ್ತದೆ, ಪಂಪಿನ ಹೊರಬಾಯಿ ನೀರಿನ ಮಟ್ಟಕ್ಕೆ ಬರುತ್ತದೆ. ಆಮೇಲೆ ಸರೋವರವೇ ಆ ಹೋಸಿನ ಮೂಲಕ ಒಳಗೆ ಬರತೊಡಗುತ್ತದೆ.

ದೋಣಿಯೊಳಗೆ ಇಳಿಯಬೇಡಿ. ನಿಮ್ಮ 70 ಕಿಲೊ ಕೂಡ ಆಗ ಹೆಚ್ಚೇ. ಡಾಕ್ ಮೇಲೆ ನಿಂತು, ಕೈಗೆಟಕುವ ಹಿಮವನ್ನು ಪ್ಲಾಸ್ಟಿಕ್ ಸಲಿಕೆಯಿಂದ ಎರಡೂ ಬದಿಗೆ ಸಮನಾಗಿ ತೆಗೆಯಿರಿ. ಮರೀನಾದವರನ್ನು (ದೋಣಿ ನಿಲ್ಲಿಸುವ ತಾಣ ನಡೆಸುವವರು) ಕರೆಯಿರಿ, ಅವರ ಬಳಿ ದೊಡ್ಡ ಪಂಪ್ ಇರುತ್ತದೆ. ಜನರಿಗೆ ಅಪಾಯ ಇದ್ದರೆ ತುರ್ತು ಫೋನ್ 911, ನೀರಿನ ಮೇಲಿದ್ದರೆ ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ಚಾನೆಲ್ 16.

ಮುಂದಿನ ಚಳಿಗೆ ಮುಂಚೆ

ಟ್ರೇಲರ್ ಮೇಲೆ ಇಡುವ ದೋಣಿಗೆ ಕೆಲಸ ಕಡಿಮೆ. ಮೂತಿ ಮೇಲೆ, ಹಿಂಭಾಗ ಕೆಳಗೆ ಬರುವಂತೆ ನಿಲ್ಲಿಸಿ ಡ್ರೇನ್ ಪ್ಲಗ್ ತೆಗೆಯಿರಿ. ಪಂಪಿಗೆ ಸೇರುವ ತುದಿಯಲ್ಲಿ ಹೋಸ್ ಕಳಚಿ ನೀರು ಬಸಿಯಲು ಬಿಡಿ. ಪಂಪಿನ ಮೋಟಾರ್ ಭಾಗವನ್ನು ಎತ್ತಿ, ತಳದಲ್ಲಿ ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ, ಹಳೆ ಬಟ್ಟೆಯಲ್ಲಿ ಒರೆಸಿ. ವೈರಿನ ಜಾಯಿಂಟ್ ಕಳಚಲು ಬಂದರೆ ಪಂಪನ್ನು ಮನೆಗೇ ಒಯ್ಯಿರಿ, ಶೂ ಡಬ್ಬಿಯಷ್ಟು ಜಾಗ ಸಾಕು. ಬ್ಯಾಟರಿಯನ್ನೂ ತುಂಬಿಸಿ ಒಳಗಿಡಿ. ಇಷ್ಟಾದರೆ ಹೆಪ್ಪುಗಟ್ಟಲು ಅಲ್ಲಿ ಏನೂ ಉಳಿಯಲಿಲ್ಲ. ಮೇಲೆ ಟಾರ್ಪಾಲು ಕಟ್ಟುವಾಗ ನಡುವೆ ಒಂದು ಕಂಬ ಕೊಟ್ಟು ಇಳಿಜಾರು ಮಾಡಿ, ಇಲ್ಲದಿದ್ದರೆ ಹಿಮ ನಿಂತು ಬಟ್ಟೆ ಹರಿದು ಎಲ್ಲವೂ ಒಳಗೆ.

ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ದ್ರವ ಹಾಕಬೇಕೇ? ಒಣಗಿಸಲು ಆಗದ ಮೂಲೆ ಇದ್ದರೆ ಹಾಕಿ, ಆದರೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಗುಲಾಬಿ ಡಬ್ಬಿಯ ಮೇಲೆ ಮೈನಸ್ 50 ಫ್ಯಾರನ್‌ಹೈಟ್ ಎಂದು ಬರೆದಿದ್ದರೆ ಅದು ಪೈಪ್ ಒಡೆಯದಿರುವ ಲೆಕ್ಕ, ಮೈನಸ್ 46 ಸೆಲ್ಸಿಯಸ್. ಅದಕ್ಕಿಂತ ಬಹಳ ಮುಂಚೆಯೇ ಆ ದ್ರವ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಅರೆಗಟ್ಟಿಯಾಗುತ್ತದೆ. ಪಂಪ್ ಒಡೆಯುವುದಿಲ್ಲ ನಿಜ, ಆದರೆ ಆ ಸ್ಥಿತಿಯಲ್ಲಿ ಓಡಿಸಲೂ ಆಗುವುದಿಲ್ಲ. ಬಿಲ್ಜಿನಲ್ಲಿ ನೀರು ಇರುವಾಗಲೇ ಸುರಿದರೆ ತೆಳುವಾಗಿ ಹೋಗಿ ಪ್ರಯೋಜನಕ್ಕೆ ಬರುವುದಿಲ್ಲ. ಮೊದಲು ನೀರು ತೆಗೆಯಿರಿ, ಆಮೇಲೆ ಸುರಿಯಿರಿ. ಮಳೆ ನೀರು ಮತ್ತೆ ಸೇರಿದರೆ ಮತ್ತೆ ತೆಳುವಾಗುತ್ತದೆ. ದೋಣಿ ನೀರಿನಲ್ಲಿದ್ದು ಫ್ಲೋಟ್ ಸ್ವಿಚ್ ಚಾಲೂ ಇದ್ದರೆ ಸುರಿದದ್ದನ್ನೆಲ್ಲ ಅದು ಸರೋವರಕ್ಕೆ ಎತ್ತಿ ಹಾಕುತ್ತದೆ, ಅಂಥ ಕಡೆ ಆಂಟಿಫ್ರೀಜ್ ಬೇಡವೇ ಬೇಡ.

ಚಳಿಗಾಲವಿಡೀ ದೋಣಿಯನ್ನು ನೀರಿನಲ್ಲೇ ಬಿಡುವವರಿಗೆ ನನ್ನ ಸಲಹೆ ಒಂದೇ, ಆದಷ್ಟೂ ಬಿಡಬೇಡಿ. ಬಿಡಲೇಬೇಕಾದರೆ ಬಿಲ್ಜಿಗೆಂದೇ ಮಾಡಿದ, ಕಿಡಿಯಿಂದ ಪೆಟ್ರೋಲ್ ಆವಿ ಹೊತ್ತಿಕೊಳ್ಳದಂತೆ ತಯಾರಾದ ಹೀಟರ್ ಸಿಗುತ್ತದೆ. ಅದನ್ನು ದೋಣಿಯ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಡಾಕಿನ ಸುತ್ತ ಐಸ್ ಕಟ್ಟದಂತೆ ನೀರು ಕದಡುವ ಯಂತ್ರ ದೋಣಿಯ ಹೊರಮೈಯನ್ನು ಕಾಯುತ್ತದೆಯೇ ಹೊರತು ಒಳಗಿನ ಬಿಲ್ಜನ್ನಲ್ಲ. ಕರೆಂಟ್ ಹೋದ ರಾತ್ರಿ ಎರಡೂ ನಿಲ್ಲುತ್ತವೆ. ವಾರಕ್ಕೆ ಒಮ್ಮೆಯಾದರೂ, ಮತ್ತು ಪ್ರತಿ ಹಿಮಪಾತದ ನಂತರ, ಯಾರಾದರೂ ಹೋಗಿ ನೋಡಬೇಕು.

ಡ್ರೇನ್ ತೂತಿನ ಮೇಲೂ ಒಂದು ಕಣ್ಣಿರಲಿ. ಪ್ಲಗ್ ತೆಗೆದರೆ ಆಯಿತು ಎಂದು ಬಿಟ್ಟ ತೂತಿಗೆ ಎಲೆ ಅಡ್ಡ ಬಂದು, ಅದರ ಹಿಂದೆ ನೀರು ನಿಂತು ಹೆಪ್ಪುಗಟ್ಟುತ್ತದೆ. ನವೆಂಬರಿನಲ್ಲಿ, ಫೆಬ್ರುವರಿಯಲ್ಲಿ ಒಂದೊಂದು ಸಲ ತಂತಿ ಹಾಕಿ ಆಡಿಸಿ. ತೆಗೆದ ಪ್ಲಗ್ಗನ್ನು ಎಂಜಿನ್ ಕೀ ಜೊತೆಗೇ ಕಟ್ಟಿಡಿ. ಅದು ಕೈಗೆ ಸಿಗದೆ ಏಪ್ರಿಲಿನಲ್ಲಿ ದೋಣಿ ಶುರುವಾಗಬಾರದು.